ನಿಲ್ಲದೆ ದಾಟಿದ ಬಂಕ್

ಮಗಳು ಕುದುರೆಯಿಂದ ಬಿದ್ದ ದಿನ ಯಜಮಾನ ಓಡಿಬಂದು ಮೊದಲು ಮುಟ್ಟಿ ನೋಡಿದ್ದು ಕುದುರೆಯ ಮಂಡಿಯನ್ನು. ಅದಕ್ಕೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆಯೇ ನೆಲದ ಮೇಲಿದ್ದ ಹುಡುಗಿಯ ಕಡೆ ತಿರುಗಿದ. ಲಾಯದ ಡ್ರೈವರ್ ಇದನ್ನು ಕಣ್ಣಾರೆ ಕಂಡಿದ್ದ. ಬಿದ್ದವಳು ಆ ಡ್ರೈವರನ ಒಬ್ಬಳೇ ಮಗಳು. ಕುದುರೆಯ ಕಾಲು ಸರಿಯಿಲ್ಲ, ಇವತ್ತು ಸವಾರಿ ಬೇಡ ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. ಕೊಳ್ಳುವವರು ಬಂದಿದ್ದಾರೆ, ಓಡಿಸಿ ತೋರಿಸು ಎಂದಿದ್ದ ಯಜಮಾನ.

ಅವಳು ತೀರಿಕೊಂಡ ಮೇಲೆ ಡ್ರೈವರನ ಮನೆಯಲ್ಲಿ ಯಾರೂ ಆ ಕುದುರೆಯ ಮಾತೆತ್ತಲಿಲ್ಲ. ಮರಿಯಾಗಿದ್ದಾಗಿನಿಂದ ನೋಡಿಕೊಂಡ ಮಗಳು ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದಳು. ಅಪ್ಪಿತಪ್ಪಿ ಆ ಹೆಸರು ಅವನ ಬಾಯಿಗೆ ಬಂದರೆ ಹೆಂಡತಿ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಇವಳ ಒಡಲೂ ನನ್ನಂತೆಯೇ ಉರಿಯುತ್ತಿದೆ ಎಂದುಕೊಂಡ. ಹಾಗಾಗಿ, ದೊರೆಯನ್ನು ದೂರದ ಫಾರಂಗೆ ಮಾರಿದ್ದೇನೆ, ನೀನೇ ಮುಟ್ಟಿಸಿ ಬಾ ಎಂದು ಯಜಮಾನ ಹೇಳಿದಾಗ ಅವನು ತಲೆಯಾಡಿಸಿ ಸುಮ್ಮನೆ ಒಪ್ಪಿಕೊಂಡ. ಕುದುರೆ ಅಲ್ಲಿಗೆ ಮುಟ್ಟಬಾರದು, ಅಷ್ಟೇ. ಯಜಮಾನ ತನ್ನ ಮಕ್ಕಳಿಗಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದು ಅದೊಂದನ್ನೇ.

ಕೈಗೆ ರಕ್ತ ಅಂಟದ ಉಪಾಯ ಅವನಿಗೆ ಗೊತ್ತಿತ್ತು. ಹಿಂದೆ ಟ್ರೇಲರ್ ಕಟ್ಟಿದರೆ ಪಿಕಪ್ ನೀರು ಕುಡಿದ ಹಾಗೆ ಡೀಸೆಲ್ ಕುಡಿಯುತ್ತದೆ, ಎದುರುಗಾಳಿಯಿದ್ದರೆ ಇನ್ನೂ ಹೆಚ್ಚು. ಅದಕ್ಕೇ ಕುದುರೆ ಸಾಗಿಸುವವರು ಟ್ಯಾಂಕ್ ಅರ್ಧಕ್ಕಿಳಿಯುವ ಮೊದಲೇ ತುಂಬಿಸುತ್ತಾರೆ. ಊರು ದಾಟಿದ ಮೇಲೆ ಒಂದು ಬಂಕ್. ಅಲ್ಲಿಂದಾಚೆ ಮರವಿಲ್ಲದ, ಫೋನ್ ಸಿಗ್ನಲ್ ಇಲ್ಲದ ಬಯಲು. ಬಯಲು ಮುಗಿದ ಮೇಲೆಯೇ ಇನ್ನೊಂದು ಬಂಕ್. ಮೊದಲನೆಯದನ್ನು ಬಿಟ್ಟರೆ ಗಾಡಿ ಎಲ್ಲಿ ನಿಲ್ಲುತ್ತದೆಂದು ಅವನು ಕಣ್ಣು ಮುಚ್ಚಿ ಹೇಳಬಲ್ಲ. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಅಂಟಿಕೊಳ್ಳುತ್ತಿದೆ ಎಂದು ಯಜಮಾನನಿಗೆ ಮೊದಲೇ ದೂರು ಕೊಟ್ಟಿದ್ದ. ಹೇಗೋ ಸುಧಾರಿಸು ಎಂಬ ಉತ್ತರ ನಾಲ್ಕು ಜನರ ಮುಂದೆಯೇ ಬಂದಿತ್ತು. ನಾಳೆ ಬೆರಳು ಯಾರ ಕಡೆ ತಿರುಗಬೇಕೋ ಅವರ ಕಡೆಗೇ ತಿರುಗುತ್ತದೆ. ದಾರಿಯಲ್ಲೇ ನೀರು ಸೋರಿಹೋಗಲೆಂದು ಟ್ರೇಲರಿನ ನೀರಿನ ಡ್ರಮ್ಮಿನ ನಲ್ಲಿಯನ್ನೂ ತುಸು ಸಡಿಲಿಸಿದ್ದ.

ಹಿಂದಿನ ಸಂಜೆ ಹೆಂಡತಿಗೆ ಹೇಳಿದ: "ನಾಳೆ ಅದು ಹೋಗುತ್ತೆ. ಇನ್ಮೇಲೆ ನಿನ್ನ ಕಣ್ಣಿಗೆ ಬೀಳಲ್ಲ."

ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. "ಎಷ್ಟು ಹೊತ್ತಿಗೆ ಹೊರಡ್ತೀರ?" ಎಂದಷ್ಟೇ ಕೇಳಿದಳು.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಮೊದಲ ಬಂಕಿನಲ್ಲಿ ಲಾರಿಗಳ ಸಾಲು ಬೇರೆ ಇತ್ತು. ಕುದುರೆ ರಂಪ ಮಾಡುತ್ತಿತ್ತು, ಕಾಯಲಾಗಲಿಲ್ಲ ಎನ್ನಲು ಒಳ್ಳೆಯ ನೆಪ. ನಿಲ್ಲಿಸದೆ ಮುಂದೆ ಹೋದ. ಬಯಲಿನ ನಡುವೆ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಬಿಸಿಲು ತಗಡಿನ ಮೇಲೆ ಸುರಿಯುತ್ತಿತ್ತು. ಕ್ಯಾನ್ ಹಿಡಿದು ನಡೆಯತೊಡಗಿದಾಗ ಟ್ರೇಲರಿನೊಳಗಿಂದ ದಬದಬ ಬಡಿಯುವ ಸದ್ದು ಬಂತು. ಒದೆಯಲಿ ಎಂದುಕೊಂಡು ಅವನು ತಿರುಗಿ ನೋಡಲಿಲ್ಲ. ನೋಡಿದರೆ ಮಗಳು ಬಾಚಿದ ಆ ಜೂಲು ಕಂಡು ಮನಸ್ಸು ಕರಗೀತು ಎಂಬ ಭಯ.

ಬಹಳ ದೂರ ನಡೆದ ಮೇಲೆ ಒಂದು ಲಾರಿ ಸಿಕ್ಕಿತು. ಎರಡನೇ ಬಂಕ್ ತಲುಪಿದವನೇ ತಲೆ ಸುತ್ತಿದವನಂತೆ ಕುಸಿದ. ಬಂಕಿನವನು ಪಾಪದವನು. ನೀರು ಚಿಮುಕಿಸಿ ಬೆಂಚಿನ ಮೇಲೆ ಮಲಗಿಸಿದ. ಕುದುರೆ ಇದೆ ಅಂತಿದ್ದೀರಲ್ಲ, ನಾನೇ ಬೈಕಿನಲ್ಲಿ ಡೀಸೆಲ್ ಒಯ್ದು ಕೊಡಲೇ ಎಂದು ಎರಡೆರಡು ಸಲ ಕೇಳಿದ. ನೀರು ಕೊಡಲೆಂದು ಟ್ರೇಲರಿನ ಹಲಗೆ ತೆಗೆದರೆ ಅದು ಓಡಿಹೋದೀತು, ನಾನೇ ಬೇಕು, ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ ಎಂದು ಇವನು ತಡೆದ. ಹೀಗೆ ಮಧ್ಯಾಹ್ನವೆಲ್ಲ ಕಳೆಯಿತು. ನೆರಳು ಉದ್ದವಾದಾಗ ಎದೆಯ ಮೇಲಿನ ಭಾರ ಇಳಿದೀತೆಂದು ಕಾದ. ಇಳಿಯಲಿಲ್ಲ. ಮಗಳು ಹೋದ ಮೇಲೆ ಮೊದಲ ಬಾರಿಗೆ ಹೆಂಡತಿಯ ದನಿ ಕೇಳಬೇಕೆನಿಸಿತು. ಮುಗಿಯಿತು ಕಣೇ ಎಂದು ಹೇಳಬೇಕೆನಿಸಿತು. ಬಂಕಿನ ಫೋನಿನಿಂದ ಅವಳಿಗೆ ಕರೆ ಮಾಡಿದ.

ಎತ್ತಿಕೊಂಡವಳು ನಾದಿನಿ. "ಅಕ್ಕ ಫೋನ್ ಇಲ್ಲೇ ಮರೆತು ಹೋಗಿದ್ದಾಳೆ ಭಾವ. ಬೈಬೇಡಿ ಅವಳಿಗೆ. ದಿನಾ ಕದ್ದು ಹೋಗಿ ದೊರೆಗೆ ಮೇವು ಹಾಕಿ ಬರ್ತಿದ್ದಳು, ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ. ಮಗಳದು ಅಂತ ಉಳಿದಿರೋದು ಅದೊಂದೇ, ಅಲ್ಲೀವರೆಗೂ ಬಿಟ್ಟು ಬರ್ತೀನಿ ಅಂತ ಟ್ರೇಲರಿನ ಮುಂದಿರೋ ಜೀನು ಇಡೋ ಕೋಣೇಲಿ ಕೂತಳು. ಮೊದಲನೇ ಬಂಕಲ್ಲಿ ಹೇಗೂ ನಿಲ್ಲಿಸ್ತಾರೆ, ಆಗ ಇಳಿದು ಹೇಳ್ತೀನಿ ಅಂದಿದ್ದಳು. ಹೇಳಿದಳಾ?" ಬೆಳಿಗ್ಗೆ ಹೊರಡುವಾಗ ಆ ಕೋಣೆಯ ಬಾಗಿಲು ಚಿಲಕವಿಲ್ಲದೆ ಬರಿದೇ ಮುಚ್ಚಿದಂತಿತ್ತು. ದಾರಿಯಲ್ಲಿ ಜೀನುಗಳು ಬಿದ್ದಾವೆಂದು, ಒಳಗೆ ನೋಡದೆಯೇ, ಅವನೇ ಹೊರಗಿನಿಂದ ಚಿಲಕ ಹಾಕಿ ಬಂದಿದ್ದ.