ಕೆಂಪಪ್ಪನ ಕಾಲಿನ ಕಟ್ಟು

"ನನ್ನ ಹೆಂಡ್ತಿನೇ ನಮ್ಮಪ್ಪನ್ನ ಕೊಂದ್ಲು ಅಂತಿದಾರೆ ಮೇಡಂ. ಅವಳು ಉಳ್ಸಕ್ಕೆ ನೋಡಿದ್ದು."

ಶಿಕಾರಿಪುರದ ನಿರ್ಮಲಮ್ಮನವರ ಜಗಲಿಯಲ್ಲಿ ಕುಳಿತು ಚನ್ನೇಶ ಒಂದೇ ಉಸಿರಿಗೆ ಇಷ್ಟು ಹೇಳಿದ. ಒಳಗಿನಿಂದ ಚಹಾ ತರುತ್ತಿದ್ದ ಶಿವರಾಮ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡ. ಮೇಡಂ ಸಬ್‌ಇನ್‌ಸ್ಪೆಕ್ಟರ್ ಆಗಿದ್ದಾಗ ಅವರ ಜೀಪು ಓಡಿಸಿದವನು ಅವನು. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಪಿಂಚಣಿ ಬಂತೇ ಹೊರತು ಬಿಡುವು ಬರಲಿಲ್ಲ. ಅವರಿಗೆ ಮಂಡಿನೋವು, ಇವನಿಗೆ ಸೊಂಟನೋವು; ಆದರೂ ಊರ ಉಸಾಬರಿ ಮನೆ ಹುಡುಕಿಕೊಂಡು ಬರುವುದು ತಪ್ಪಿರಲಿಲ್ಲ.

"ಚಹಾ ಕುಡೀರಿ ಮೊದ್ಲು. ಆಮೇಲೆ ಹೇಳ್ರಿ," ಎಂದರು ನಿರ್ಮಲಮ್ಮ. ಆ ದನಿಯಲ್ಲೇ ಆಯಾಸವಿತ್ತು.

ಚನ್ನೇಶ ಸೊರಬದಲ್ಲಿ ಲೈನ್‌ಮನ್. ಮನೆ ಜಡೆಯ ಹತ್ತಿರದ ಹಳ್ಳಿಯಲ್ಲಿ. ಅವನ ತಂದೆ ಕೆಂಪಪ್ಪ ಗದ್ದೆ ಬದುವಿನ ಹುಲ್ಲು ಹೊಡೆಯುತ್ತಿದ್ದಾಗ ಮಿಷನ್ನಿನ ಬ್ಲೇಡು ಕಲ್ಲಿಗೆ ತಾಗಿ ತುಂಡಾಗಿ, ಅವರ ಮೀನಖಂಡವನ್ನೇ ಸೀಳಿತ್ತು. ರಕ್ತ ಚಿಮ್ಮುತ್ತಿತ್ತು. ಬುತ್ತಿ ತಂದಿದ್ದ ಸೊಸೆ ಮೈತ್ರಿ ಕಾಲೇಜಿನ ಶಿಬಿರದಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ತನ್ನ ವೇಲನ್ನು ಅಗಲವಾಗಿ ಮಡಚಿ, ಗಾಯದ ಮೇಲುಗಡೆ ತೊಡೆಗೆ ಕಟ್ಟಿದಳು. ಗಂಟಿನಲ್ಲಿ ಮಿಷನ್ನಿನ ಸ್ಪಾನರ್ ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಿದಳು. ಸ್ಪಾನರ್ ಹಿಂದಕ್ಕೆ ತಿರುಗದಂತೆ ತನ್ನ ಕೂದಲಿನ ಕಪ್ಪು ರಬ್ಬರ್ ಬ್ಯಾಂಡಿನಿಂದ ಬಿಗಿದಳು.

"ರಕ್ತ ನಿಂತಿತ್ತಾ?"

"ಪೂರ್ತಿ ನಿಂತಿತ್ತು ಮೇಡಂ, ನೋಡಿದವರು ಇದಾರೆ. ಚಿಕ್ಕಪ್ಪ ರಾಜಕುಮಾರ್ ಕಾರು ತಂದ್ರು. ಅಪ್ಪನ್ನ ಹಿಂದಿನ ಸೀಟಲ್ಲಿ ಮಲಗ್ಸಿ, ಅವ್ವ ಅಲ್ಲೇ ಕೂತ್ರು. ಮಗು ಅಳ್ತಿತ್ತು, ಮೈತ್ರಿ ಉಳ್ಕಂಡ್ಲು. 'ಯಾರೂ ಮುಟ್ಟಬೇಡಿ, ಡಾಕ್ಟ್ರೇ ಬಿಚ್ಚಬೇಕು' ಅಂತ ಚಿಕ್ಕಪ್ಪನಿಗೆ ಕಿಟಕಿ ಹತ್ರ ಹೇಳಿದ್ಲಂತೆ. ಶಿಕಾರಿಪುರ ಮುಟ್ಟೋದ್ರೊಳಗೆ ಅಪ್ಪ ಇರ್ಲಿಲ್ಲ. ಕಟ್ಟು ಸಡಿಲ ಇತ್ತು ಅಂದ್ರು ಆಸ್ಪತ್ರೇಲಿ. ಚಿಕ್ಕಪ್ಪ ಅವಳ ಮೇಲೆ ಕಂಪ್ಲೇಂಟ್ ಕೊಟ್ಟಿದಾರೆ. ಊರಲ್ಲಿ ಅವಳ ಮುಖ ನೋಡೋರಿಲ್ಲ. ನಾಳೆ ಜೈಲು ಅಂದ್ರೆ ಮಗೂನ ಏನ್ಮಾಡ್ಲಿ?"

ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಚೀಲವನ್ನು ಅವನು ತಂದಿದ್ದ. ನಿರ್ಮಲಮ್ಮ ಹಳೆಯ ಪೇಪರಿನ ಮೇಲೆ ವೇಲನ್ನು ಹರಡಿದರು. ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರಿಂದ ಗಂಟು ಹಾಗೆಯೇ ಉಳಿದಿತ್ತು. ಬುತ್ತಿಗಂಟಿಗೆ ಹಾಕುವಂಥ ಸಾದಾ ಗಂಟು, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ. ಆದರೆ ಬಟ್ಟೆಯ ಒಂದು ಕಡೆ, ಹಿಂಡಿ ಒಣಗಿಸಿದ ಸೀರೆಯ ಹಾಗೆ ಸುರುಳಿ ಸುಕ್ಕುಗಳಿದ್ದವು. ಸ್ಪಾನರ್ ಇರಲಿಲ್ಲ. ರಬ್ಬರ್ ಬ್ಯಾಂಡೂ ಇರಲಿಲ್ಲ.

"ಜೀಪಲ್ಲ, ಕಾರು ತೆಗಿ ಶಿವರಾಮ," ಎಂದರು. ಜೀಪು ಹೋಗಿ ಎಷ್ಟೋ ಕಾಲವಾಗಿದ್ದರೂ ಹಾಗೆನ್ನುವುದು ಅವರ ಚಾಳಿ.

ಚನ್ನೇಶನನ್ನೂ ಕೂರಿಸಿಕೊಂಡು ಹೊರಟವರು ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಬಂದರು. ಏನು ಕೇಳಿದಿರಿ ಎಂದರೆ, "ಬಿಗಿ ಕಟ್ಟಿನ ನೋವು ಎಷ್ಟಿರುತ್ತೆ ಅಂತ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು.

ಹಳ್ಳಿಯಲ್ಲಿ ರಾಜಕುಮಾರ್ ಎದುರಾದ. ಕಾರು ತೊಳೆದು ಫಳಫಳ ಮಾಡಿದ್ದ. ಶಿವರಾಮನಿಗೆ ಅಲ್ಲೇ ಗುಮಾನಿ ಬಂತು. ಅಣ್ಣ ತಮ್ಮಂದಿರ ಮಧ್ಯೆ ಕೆರೆ ಕೆಳಗಿನ ಗದ್ದೆಯ ತಕರಾರು ಇದ್ದದ್ದನ್ನು ಬಸ್‌ಸ್ಟಾಪಿನವರು ಆಗಲೇ ಕಿವಿಗೆ ಹಾಕಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

"ಗಾಡಿ ಯಾಕ್ರೀ ತೊಳದ್ರಿ?"

"ಅಣ್ಣನ ರಕ್ತ ಇಟ್ಕಂಡು ಗಾಡಿ ಮನೆಗೆ ತರ್ಲಾ ಮೇಡಂ?" ರಾಜಕುಮಾರನ ಕಣ್ಣುಗಳು ಕೆಂಪಾಗಿದ್ದವು. "ಆ ಹುಡುಗಿ ದೊಡ್ಡ ಡಾಕ್ಟ್ರ ಥರ ಕಟ್ಟಿದ್ಲು. ಹೋಯ್ತಲ್ಲ ಜೀವ."

"ದಾರೀಲಿ ಎಲ್ಲಾದ್ರೂ ನಿಲ್ಸಿದ್ರಾ?"

"ಶಿರಾಳಕೊಪ್ಪದಲ್ಲಿ ಜೋಳದ ಟ್ರ್ಯಾಕ್ಟರ್ ಅಡ್ಡ ಸಿಕ್ಕಾಕಂಡಿತ್ತು. ಇಳಿದು ಜಾಗ ಬಿಡ್ಸಿ ಬಂದೆ. ಹಿಂದಿನ ಬಾಗ್ಲು ತೆಗ್ದು ಅಣ್ಣನ್ನ ನೋಡ್ದೆ. ನರಳ್ತಿದ್ದ. ಮ್ಯಾಟು ಒಣಗೇ ಇತ್ತು. ಆಮೇಲೆ ಎಲ್ಲೂ ನಿಲ್ಸಿಲ್ಲ."

ಶಿವರಾಮ ನೋಯುವ ಸೊಂಟ ಬಗ್ಗಿಸಿ ಹಿಂದಿನ ಸೀಟಿನ ಅಡಿಗೆ ಕೈ ಹಾಕಿದಾಗ ಸ್ಪಾನರ್ ಸಿಕ್ಕಿತು.

ಒಳಗೆ ಕೆಂಪಪ್ಪನ ಹೆಂಡತಿ ಯಮುನಮ್ಮ ಕಂಬಕ್ಕೊರಗಿ ಕುಳಿತಿದ್ದರು. ಬಳೆ ತೆಗೆದ ಕೈಯಲ್ಲಿ ಒಂದು ಕಪ್ಪು ರಬ್ಬರ್ ಬ್ಯಾಂಡ್ ಮಾತ್ರ ಉಳಿದಿತ್ತು. ಕೂದಲನ್ನು ದಾರದಿಂದ ತುರುಬು ಕಟ್ಟಿದ್ದರು. ಶಿವರಾಮ ನೋಡಿ ಮುಖ ತಿರುಗಿಸಿದ. ಆ ಕೈ ನೋಡುವುದಕ್ಕೇ ಸಂಕಟವಾಗುತ್ತಿತ್ತು.

"ಯಜಮಾನ್ರು ದಾರೀಲಿ ಏನಾದ್ರೂ ಅಂದ್ರಾ ಅಮ್ಮಾ?" ನಿರ್ಮಲಮ್ಮ ಪಕ್ಕದಲ್ಲೇ ನೆಲಕ್ಕೆ ಕೂತರು.

"ಶಿರಾಳಕೊಪ್ಪದ ತನಕ ಒದ್ದಾಡಿದ್ರು. ಆಮೇಲೆ ನಿದ್ದೆ ಹೋದ್ರು. ಪಾಪ, ಚಳಿ ಅಂದ್ರು ಅಂತ ಕಂಬಳಿ ಹೊದ್ಸಿದ್ದೆ."

"ನಿಮ್ಮ ತೌರಲ್ಲಿ ಕಾಲು ಹೋದೋರು ಯಾರೋ ಇದ್ರಂತೆ, ಹಾದೀಲಿ ನಿಮ್ಮ ಮಗ ಅಂದ."

"ನಮ್ಮಣ್ಣ. ಹಾವು ಮುಟ್ಟಿತ್ತು. ಹಗ್ಗ ಬಿಗಿದು ಬೆಳಗಿನ ತನಕ ಹಂಗೇ ಬಿಟ್ರು. ಪಾದ ಕಪ್ಪಾಗಿ ಕೊಳೆತು ಕತ್ತರಿಸ್ಬೇಕಾತು. 'ಕಟ್ಟಿದ್ದನ್ನ ಆಗಾಗ ಸಡ್ಲ ಮಾಡ್ಬೇಕಿತ್ತು' ಅಂತ ನಮ್ಮವ್ವ ಸಾಯೋ ತನಕ ಅತ್ತಳು."

ಹೊರಡುವಾಗ ಮೈತ್ರಿ ಅಂಗಳದ ತುದಿಯವರೆಗೂ ಹಿಂದೆ ಬಂದಳು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಮೇಡಂ, ನಿಮಗೆ ಗೊತ್ತಾಗಿದೆ ಅಲ್ವಾ?"

"ನಿಂಗೆ ಯಾವಾಗ ಗೊತ್ತಾತು?"

"ಆವತ್ತೇ. ದಯವಿಟ್ಟು ಹೇಳಬೇಡಿ. ನನ್ನ ಮೇಲೇ ಇರ್ಲಿ. ಗೊತ್ತಾದ್ರೆ ಅವರು ಬದುಕಲ್ಲ."

ಆ ಹುಡುಗಿಯ ಮುಖ ನೋಡಿ ಶಿವರಾಮನಿಗೆ ಅಳು ಬಂತು. ಅವನಿಗೆ ಇನ್ನೂ ಏನೂ ಹೊಳೆದಿರಲಿಲ್ಲ, ಆದರೂ ಬಂತು. ಕಾರಿನ ಬಾಗಿಲು ತೆಗೆದ ನಿರ್ಮಲಮ್ಮ ಅದನ್ನು ಮತ್ತೆ ಮುಚ್ಚಿದರು. "ಕೊಲೆಗಾರ ಸಿಕ್ಕಿದ್ರೆ ಎಷ್ಟೋ ವಾಸಿ ಶಿವರಾಮ, ಬೇಡಿ ಹಾಕಿ ಮನೆಗೆ ಹೋಗಬಹುದಿತ್ತು," ಎಂದರು. ಆಮೇಲೆ ನಿಟ್ಟುಸಿರು ಬಿಟ್ಟು, "ಎಲ್ಲರನ್ನೂ ಪಡಸಾಲೆಗೆ ಕರಿ," ಎಂದರು.

ಚನ್ನೇಶ, ಮೈತ್ರಿ, ರಾಜಕುಮಾರ್, ಯಮುನಮ್ಮ ಬಂದು ಕುಳಿತರು. ನಿರ್ಮಲಮ್ಮ ವೇಲನ್ನು ನಡುವೆ ಇಟ್ಟರು.

"ಈ ಸುಕ್ಕು ನೋಡ್ರಿ. ಸ್ಪಾನರ್ ಹಾಕಿ ಬಲವಾಗಿ ತಿರುಚದೆ ಹಿಂಗ ಬೀಳಲ್ಲ. ಅಂದ್ರೆ ಮೈತ್ರಿ ಕಟ್ಟಿದ್ದು ಬಿಗಿಯಾಗೇ ಇತ್ತು. ರಕ್ತ ನಿಂತಿದ್ದನ್ನ ಊರವರೂ ನೋಡಿದಾರೆ. ಆದ್ರೆ ಈ ಗಂಟು ಅವಳದಲ್ಲ. ನಡುವೆ ಯಾರೋ ಸ್ಪಾನರ್ ತೆಗೆದು, ಬಿಚ್ಚಿ, ಸಡಿಲವಾಗಿ ಮತ್ತೆ ಕಟ್ಟಿದಾರೆ. ಅದಾಗೇ ಕಳಚಿದ್ರೆ ಹೊಸ ಗಂಟು ಎಲ್ಲಿಂದ ಬರ್ತದ?"

ಶಿವರಾಮನ ಕಣ್ಣು ರಾಜಕುಮಾರನ ಮೇಲಿತ್ತು. ರಾಜಕುಮಾರನಿಗೆ ಅದು ಗೊತ್ತಾಯಿತು. "ನಾನಲ್ಲ!" ಎಂದು ಎದ್ದು ನಿಂತ.

"ನೀವಲ್ಲ, ಕೂತ್ಕೊಳ್ರಿ. ಶಿರಾಳಕೊಪ್ಪದಲ್ಲಿ ಮ್ಯಾಟು ಒಣಗಿತ್ತು, ಅಣ್ಣ ನರಳ್ತಿದ್ರು ಅಂದ್ರಿ. ನೀವು ಮಾಡಿದ್ರೆ ಆ ಮಾತನ್ನ ನೀವೇ ಯಾಕೆ ಹೇಳ್ತಿದ್ರಿ? ಅಲ್ಲಿಂದ ಮುಂದೆ ನಿಮ್ಮ ಕೈ ಸ್ಟೇರಿಂಗ್ ಮೇಲಿತ್ತು. ಕಟ್ಟು ಬಿಚ್ಚಿದ್ದು ಅಲ್ಲಿಂದ ಮುಂದೇನೇ. ಇಂಥ ಕಟ್ಟಿನ ನೋವು ಹೆರಿಗೆ ನೋವಿನಂಗೆ ಇರ್ತದಂತೆ, ಡಾಕ್ಟ್ರು ಅಂದ್ರು. ಕಟ್ಟು ಬಿಗಿಯಾಗಿದ್ರೆ ಹಂಗ ನಿದ್ದೆ ಬರಲ್ಲ. ಕೆಂಪಪ್ಪನವರಿಗೆ ಬಂದದ್ದು ನಿದ್ದೆ ಅಲ್ಲ."

ಅವರ ದನಿ ಇಳಿಯಿತು. ಯಮುನಮ್ಮನ ಕಡೆ ತಿರುಗಿದರು. ಈಗ ಶಿವರಾಮನಿಗೂ ಕಂಡಿತು.

"ಯಮುನಮ್ಮಾ, ಕೈಯಲ್ಲಿರೋ ಬ್ಯಾಂಡು ಯಾರದು?"

ಯಮುನಮ್ಮ ಮುಂಗೈ ನೋಡಿಕೊಂಡರು. "ಸೊಸೆದು. ಸ್ಪಾನರಿಗೆ ಸುತ್ತಿದ್ಲು. ಕಳೆದು ಹೋಗ್ತದೆ, ಕೊಡಾಣ ಅಂತ ಹಾಕ್ಕಂಡೆ. ಮರ್ತೇಹೋತು."

ಚನ್ನೇಶ ಆ ಬ್ಯಾಂಡಿನಿಂದ ವೇಲಿನ ಕಡೆಗೆ ಕಣ್ಣು ಹೊರಳಿಸಿದ.

"ಅವರು ಕೇಳ್ಕಂಡ್ರು," ಎಂದರು ಯಮುನಮ್ಮ. "'ತಡ್ಯಕ್ಕಾಗಲ್ಲ ಕಣೇ, ಸ್ವಲ್ಪ ಸಡ್ಲ ಮಾಡು' ಅಂದ್ರು. ಅಣ್ಣನ ಕಾಲು ಹೋದಂಗೆ ಇವರದ್ದೂ ಹೋಗ್ತದೆ ಅಂತ ನಂಗೂ ಹೆದ್ರಿಕೆ. ಬಿಚ್ಚಿ ಮೆತ್ತಗೆ ಕಟ್ದೆ. 'ಹಾಯ್ ಅನ್ನಿಸ್ತು' ಅಂದ್ರು. ಮಲಗಿದ್ರು."

"ಅತ್ತಿಗೆ! ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದ ರಾಜಕುಮಾರ್.

"ಕಟ್ಟಿದ್ದು ಯಾರು ಅಂತ ಎಲ್ಲರೂ ಕೇಳಿದ್ರು. ಸಡ್ಲ ಮಾಡಿದ್ದು ಯಾರು ಅಂತ ಯಾರೂ ಕೇಳ್ಲಿಲ್ಲವಲ್ಲ ರಾಜ. ಅದು ತಪ್ಪು ಅಂತ ನಂಗೆ ಗೊತ್ತಿದ್ರೆ ತಾನೆ?"

ನಿರ್ಮಲಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಹಾವು ಕಚ್ಚಿದರೆ ಕಟ್ಟಲೇಬಾರದು. ರಕ್ತ ಚಿಮ್ಮುವಾಗ ಕಟ್ಟಿದರೆ ಆಸ್ಪತ್ರೆಯ ತನಕ ಬಿಚ್ಚಲೇಬಾರದು. ಒಂದೆರಡು ಗಂಟೆಗೆ ಕಾಲು ಸಾಯುವುದಿಲ್ಲ, ಶಿಕಾರಿಪುರ ಅಷ್ಟು ದೂರವೂ ಇಲ್ಲ. ಕಂಬಳಿಯ ಅಡಿಯಲ್ಲಿ ಹರಿದದ್ದು ಯಾರಿಗೂ ಕಾಣಲಿಲ್ಲ. ಮುಟ್ಟಬೇಡಿ ಎಂದು ಮೈತ್ರಿ ಹೇಳಿದ್ದು ಮುಂದಿನ ಕಿಟಕಿಯಲ್ಲಿ. ಗಂಡನ ತಲೆ ಹಿಡಿದುಕೊಂಡಿದ್ದವರಿಗೆ ಅದು ಕೇಳಿಸಲಿಲ್ಲ.

ಯಮುನಮ್ಮ ಎಲ್ಲವನ್ನೂ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು. "ನಾನು ಮುಟ್ಟದೇ ಇದ್ದಿದ್ರೆ ಉಳೀತಿದ್ರಾ?"

ಇಲ್ಲ ಎನ್ನಲಿ ಎಂದು ಶಿವರಾಮ ಮನೆದೇವರಿಗೆ ಮೊರೆಯಿಟ್ಟ. ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತಿತ್ತು? ಆದರೆ ನಿರ್ಮಲಮ್ಮ ಸುಳ್ಳು ಹೇಳುವವರಲ್ಲ.

"ಉಳಿಯೋ ಹಂಗೇ ಇತ್ತು ಅಮ್ಮಾ."

ಮೈತ್ರಿ ಬಾಯಿಗೆ ಸೆರಗು ಒತ್ತಿಕೊಂಡಳು. ಯಮುನಮ್ಮ ಅವಳನ್ನೇ ನೋಡಿದರು. "ನಿಂಗೆ ಗೊತ್ತಿತ್ತು," ಎಂದರು. "ಆವತ್ತೇ ನಿಮ್ಮ ಕೈಲಿ ನನ್ನ ಬ್ಯಾಂಡು ನೋಡ್ದೆ ಅತ್ತೆ," ಎಂದಳು ಮೈತ್ರಿ. "ಗೊತ್ತಿದ್ದೂ ಊರೆಲ್ಲ ಉಗಿಸ್ಕಂಡ್ಯಾ ಮಗಾ."

ಆಕೆ ಕಂಬ ಹಿಡಿದು ಎದ್ದರು. ಚನ್ನೇಶ ಕೈ ಕೊಡಲು ಬಂದರೆ ಸರಿಸಿದರು.

"ರಾಜ, ಗಾಡಿ ತೆಗಿ. ಪೊಲೀಸ್ ಠಾಣೆಗೆ ಹೋಗಾಣ. ಇವಳ ಮೇಲೆ ಬರೆಸಿದ್ದನ್ನ ಅಳಿಸ್ಬೇಕು. ಹೆಂಗಾತು ಅಂತ ನಾನೇ ಹೇಳ್ತೀನಿ."

"ಆ ಗಾಡೀಲಿ ಬೇಡ ಅತ್ತಿಗೆ. ಮೇಡಂ ಕಾರಲ್ಲಿ..."

"ಅದರಲ್ಲೇ ಹೋಗದು."

ಅಂಗಳದಲ್ಲಿ ರಾಜಕುಮಾರ್ ಕಾರಿನ ಬಾಗಿಲು ತೆಗೆದ. ಯಮುನಮ್ಮ ಹಿಂದಿನ ಸೀಟಿಗೆ ಹತ್ತಿ, ಅವತ್ತು ಕುಳಿತಿದ್ದ ಮೂಲೆಯಲ್ಲೇ ಕುಳಿತು, ಗಂಡ ಮಲಗಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದರು.

"ಬಾ ಮೈತ್ರಿ," ಎಂದು ಕರೆದರು. "ಮಗೂನ ಅವರಪ್ಪ ನೋಡ್ಕಂತಾನೆ. ಈ ಸಲ ನೀನೂ ಬಾ."