ನಾಲ್ಕನೇ ಸೈಲೊದಿಂದ ಉತ್ತರ ಬಂದಿಲ್ಲ

ಗುರುಚರಣ ಕೇಬಲ್ ಕಿತ್ತ.

ನನ್ನ ಲ್ಯಾಪ್‌ಟಾಪಿನ ಪರದೆ ಹಾಗೇ ನಿಂತಿತು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ನಲವತ್ತನಾಲ್ಕು ನಿಮಿಷ. ಮೂರಕ್ಕೆ ಸರಿಯಾಗಿ ಮಾಧವರಂ ಪ್ಲಾಂಟಿನಲ್ಲಿ ಒಬ್ಬ ಮನುಷ್ಯನ ತಲೆಯ ಮೇಲೆ ಕಾದ ಕಾಸ್ಟಿಕ್ ಸೋಡಾ ನೀರು ಸುರಿಯಲಿತ್ತು. ಎಂಬತ್ತು ಡಿಗ್ರಿ.

ಹದಿನಾರು ನಿಮಿಷ.

ನಾವಿದ್ದದ್ದು ಮದರಾಸಿನ ಕ್ರೋಂಪೇಟೆಯಲ್ಲಿ, ಒಂದು ಖಾಸಗಿ ಡೈರಿಯ ಹೆಡ್ ಆಫೀಸಿನಲ್ಲಿ. ಮಾಧವರಂ ಊರಿನ ಆ ತುದಿ. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಎರಡು ಗಂಟೆಯ ದಾರಿ.

"ಕೇಬಲ್ ಹಚ್ಚರಿ," ಎಂದೆ.

"ನಿಮ್ಮ ಕೆಲಸ ಮುಗೀತು ಅಂದಾನಿಯವರೇ. ಬ್ಯಾಗ್ ತಗೊಳ್ಳಿ."

ಹೌದು, ನಾನೇ ಅಂದಾನಿ. ಗದಗ ಕಡೆಯವನು. ಇಪ್ಪತ್ತೆರಡು ವರ್ಷದಿಂದ ಪೆರಂಬೂರಿನಲ್ಲಿ ಮನೆ. ಕೆಟ್ಟುಹೋದ ಡೇಟಾಬೇಸುಗಳಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದು ನನ್ನ ಕಸುಬು. ಪೊಲೀಸರ ಕೆಲಸದ ಹಾಗೇ. ಮನುಷ್ಯರು ಸುಳ್ಳು ಹೇಳುತ್ತಾರೆ, ದಾಖಲೆ ಬಾಯಿ ಬಿಡುತ್ತದೆ. ಆದರೆ ಕೇಳಬೇಕು...

ಗುರುಚರಣ ಆ ಡೈರಿಯ ಮ್ಯಾನೇಜರ್. ಬೆಂಗಳೂರಿನವನು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ನನ್ನನ್ನು ಕರೆಸಿದ್ದೂ ಅವನೇ. ಹಾಲು ತುಂಬುವ ಸೈಲೊಗಳನ್ನು ತೊಳೆದ ಲೆಕ್ಕ ಎರಡು ತಿಂಗಳಲ್ಲಿ ಮೂರು ಸಲ ತಾಳೆಯಾಗಿರಲಿಲ್ಲ. ಬೀಗ ಬಿದ್ದಿದೆ ಎಂದು ತೋರಿಸಿದ ಸೈಲೊದಲ್ಲೇ ತೊಳೆಯುವ ಕಾಸ್ಟಿಕ್ ನೀರು ಹರಿದಿತ್ತು. ಆ ಮೂರು ಸಲವೂ ಒಳಗಿದ್ದವರು ಆಗಷ್ಟೇ ಹೊರಗೆ ಬಂದಿದ್ದರು. ಗಡಿಯಾರದ ದೋಷವಿರಬೇಕು, ನಾಳಿನ ಆಡಿಟ್‌ಗೆ ಮೊದಲು ಸರಿಮಾಡಿ ಎಂದಿದ್ದ.

ಗಡಿಯಾರ ಸರಿಯಾಗಿಯೇ ಇತ್ತು.

ಸೈಲೊ ಎಂದರೆ ಆರಾಳೆತ್ತರದ ಉಕ್ಕಿನ ಗುಡಾಣ. ರಿಪೇರಿಗೆ ಮನುಷ್ಯ ಒಳಗೆ ಇಳಿಯುವ ಮೊದಲು ಪ್ಲಾಂಟಿನ ಪರದೆಯಲ್ಲಿ ಸೈಲೊ ನಂಬರು, ತನ್ನ ನಂಬರು ಒತ್ತಬೇಕು. ಡೇಟಾಬೇಸಿನೊಳಗೆ ಬರೆದಿಟ್ಟ ಒಂದು ಪ್ರೊಸೀಜರ್, ಅಂದರೆ ಆದೇಶಗಳ ಕಟ್ಟು, ಇದೆ. ಪರದೆಯ ಪ್ರೋಗ್ರಾಮು ಆ ಎರಡು ಅಂಕಿಗಳನ್ನು ಅದಕ್ಕೆ ಕೊಡುತ್ತದೆ. ಅದು ತೊಳೆಯುವ ಕೊಳವೆಗೆ ಬೀಗ ಹಾಕುತ್ತದೆ. ಹಾಕಿದ ಮೇಲೆ ಒಂದು ಅಂಕಿಯನ್ನು ವಾಪಸು ಕಳಿಸುತ್ತದೆ. ಸೊನ್ನೆ ಬಂದರೆ ಬೀಗ ಬಿತ್ತು. ಒಂದು ಬಂದರೆ ಬೀಳಲಿಲ್ಲ, ತೊಳೆಯುವ ಸರದಿ ಆಗಲೇ ನಿಗದಿಯಾಗಿದೆ, ಒಳಗೆ ಹೋಗಬೇಡ ಎಂದರ್ಥ.

ಪ್ರೋಗ್ರಾಮು ಎರಡು ಅಂಕಿ ಕೊಡುತ್ತಿತ್ತು. ವಾಪಸು ಬಂದದ್ದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅಂಕಿ ಕೊಟ್ಟದ್ದೇ ತಡ, ಪರದೆ ಹಸಿರಾಗುತ್ತಿತ್ತು.

ಆ ದಿನದ ದಾಖಲೆ ತೆಗೆದೆ. ಎರಡು ಗಂಟೆ ಹತ್ತು ನಿಮಿಷ. ಸೈಲೊ ನಾಲ್ಕು. ಮನುಷ್ಯ ಇನ್ನೂರ ಹದಿನೇಳು. ಉತ್ತರ: ಒಂದು.

ಹೊರಗೆ ಬಂದ ಗುರುತು ಇಲ್ಲ. ಆ ಸೈಲೊ ತೊಳೆಯುವ ಆರನೇ ಸರದಿ ಮೂರಕ್ಕೆ.

ಪಕ್ಕದಲ್ಲಿ ಮಾಧವಿ ಕುಳಿತಿದ್ದಳು. ಎಂಟು ವರ್ಷದ ಹಿಂದೆ ಆ ಪ್ರೋಗ್ರಾಮು ಬರೆದವಳು ಅವಳೇ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆತನ. ಆ ಸಾಲನ್ನು ತೋರಿಸಿದೆ. ಇನ್ನೂರ ಹದಿನೇಳು ಯಾರೆಂದು ಅವಳಿಗೆ ಪಟ್ಟಿ ನೋಡದೆಯೇ ಗೊತ್ತಿತ್ತು. ಪದ್ಮನಾಭ. ಪ್ಲಾಂಟಿನ ಹಳೆಯ ಫಿಟ್ಟರ್, ಕನ್ನಡದವನೇ.

"ಪರದೆ ಟೆಸ್ಟ್ ಮಾಡೋವಾಗ ಅವರೇ ಕೇಳಿದ್ರು ಸಾರ್. ಬೀಗ ಬೀಳ್ಳಿಲ್ಲಾಂದ್ರೆ ಎಪ್ಪಡಿ ತಿಳಿಯೋದು ಅಮ್ಮಾಂತ. ಕೆಂಪು ಬರತ್ತೆ, ಹಸಿರು ಬಂದ್ರೆ ಧೈರ್ಯವಾಗಿ ಹೋಗೀಂದೆ. ಕೆಂಪು ಆಮೇಲೆ ಹಾಕೋಣಾಂತಿದ್ದೆ."

ಆ ಆಮೇಲೆ ಎಂಟು ವರ್ಷವಾದರೂ ಬಂದಿರಲಿಲ್ಲ.

ಗುರುಚರಣನಿಗೆ ಹೇಳಿದೆ. ಅವನು ಪ್ಲಾಂಟಿನ ಕಂಟ್ರೋಲ್ ರೂಮಿಗೆ ಫೋನ್ ಮಾಡಿದ. ಅವರು ತಮ್ಮ ಪರದೆ ನೋಡಿ, ಹಸಿರಿದೆ, ಬೀಗ ಬಿದ್ದಿದೆ ಎಂದರು. ಅವನು ಫೋನಿಟ್ಟ. ಹೊರಗಿನವನೊಬ್ಬ ದಾಖಲೆ ಕೆದಕಿ ಹೆದರಿಸುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಬಂದ. ಆಡಿಟ್‌ನವರು ಪ್ರತಿಯೊಂದು ತೊಳೆತದ ದಾಖಲೆ ಕೇಳುತ್ತಾರೆ, ನಡುವೆ ನಿಲ್ಲಿಸಿದರೆ ಯಾಕೆಂದು ಬರೆಯಬೇಕಾಗುತ್ತದೆ ಎಂದ.

ಇನ್ನೊಂದು ಸಂಗತಿ ಅವನು ಹೇಳಲಿಲ್ಲ. ಮಾಧವಿ ಹೇಳಿದಳು. ಸೈಲೊ ಬಾಗಿಲು ತೆರೆದಿದ್ದರೆ ನೀರು ಬಾರದಂತೆ ತಡೆಯುವ ಸ್ವಿಚ್ಚೊಂದಿತ್ತು. ಅದು ಕೆಟ್ಟು ಎರಡು ತಿಂಗಳಾಗಿತ್ತು. ರಿಪೇರಿ ಆಡಿಟ್ ಮುಗಿದ ಮೇಲೆ ಎಂದು, ಬಾಗಿಲು ಸದಾ ಮುಚ್ಚಿದೆ ಎಂದೇ ತೋರುವಂತೆ ಗುರುಚರಣನೇ ಅದಕ್ಕೆ ತಂತಿ ಬಿಗಿಸಿ ಕೂರಿಸಿದ್ದ.

ಆಗ ಅವನು ಕೇಬಲ್ ಕಿತ್ತದ್ದು.

"ಒಳಗ ಮನಷ್ಯಾ ಅದಾನ್ರೀ," ಎಂದೆ.

"ಪರದೆ ಹಸಿರಿದೆ," ಎಂದ. ಫೋನ್ ತೆಗೆದು ನನ್ನ ಲಾಗಿನ್ನು, ಮಾಧವಿಯ ಕಾರ್ಡು, ಎರಡನ್ನೂ ಬಂದ್ ಮಾಡಲು ಹೇಳಿದ. ಸೆಕ್ಯೂರಿಟಿಯವರು ಬರಲಿ ಎಂದು ಬಾಗಿಲಿಗೆ ಅಡ್ಡ ನಿಂತ.

ದನದ ಸಂತೆಯಲ್ಲಿ ಬೆಳೆದವನು ನಾನು. ಅಡ್ಡ ನಿಂತ ಹೋರಿಯನ್ನು ಎದೆಯಿಂದ ತಳ್ಳಬಾರದು, ಪಕ್ಕೆಯಿಂದ ತಳ್ಳಬೇಕು.

ಪಕ್ಕೆಯಿಂದ ತಳ್ಳಿದೆ.

ಮೆಟ್ಟಿಲು ಹತ್ತಿದೆವು. ಮೂರನೇ ಮಹಡಿಯಲ್ಲಿ ಸರ್ವರ್ ರೂಮು. ಅಲ್ಲಿ ಡೇಟಾಬೇಸಿಗೆ ನೇರವಾಗಿ ತಗುಲಿಸಿದ ಕೀಬೋರ್ಡಿದೆ, ಅದರ ಪಾಸ್‌ವರ್ಡು ತನಗೆ ಗೊತ್ತು ಎಂದಳು ಮಾಧವಿ. ಹತ್ತುತ್ತಲೇ ಪ್ಲಾಂಟಿನ ಗೇಟಿಗೆ ಫೋನ್ ಹಚ್ಚಿದ್ದಳು. ಒಳಗೆ ಯಾರೂ ಮೊಬೈಲ್ ಒಯ್ಯುವಂತಿಲ್ಲ, ಎಲ್ಲ ಗೇಟಿನಲ್ಲೇ ಬಿಡಬೇಕು. ಗೇಟಿನ ಕಾವಲುಗಾರ ಟ್ಯಾಂಕರುಗಳು ಸಾಲುಗಟ್ಟಿವೆ, ಜಾಗ ಬಿಟ್ಟು ಬರಲಾರೆ ಎನ್ನುತ್ತಿದ್ದ. ಸೈಲೊಗಳು ಅಲ್ಲಿಂದ ಹತ್ತು ನಿಮಿಷದ ನಡಿಗೆ.

"ಉಳ್ಳೆ ಆಳ್ ಇರುಕ್ಕಾರು ಅಣ್ಣಾ. ನಮ್ಮ ಪದ್ಮನಾಭನ್. ಓಡುಂಗೋ ಅಣ್ಣಾ, ಓಡುಂಗೋ..."

ತಮಿಳಿನಲ್ಲಿ ಅವಳು ಹೇಳಿದ್ದು: ಒಳಗೆ ಆಳಿದ್ದಾನೆ, ಓಡು ಅಣ್ಣಾ. ಅಷ್ಟೇ. ಆ ಕಡೆ ಫೋನು ಮೇಜಿನ ಮೇಲೆ ಬಿದ್ದ ಸದ್ದಾಯಿತು. ಓಡಿದನೋ, ಸಿಟ್ಟಿಗೆದ್ದು ಇಟ್ಟನೋ ತಿಳಿಯಲಿಲ್ಲ.

ಎರಡು ಐವತ್ತೊಂದು.

ಸರ್ವರ್ ರೂಮಿಗೆ ಗಾಜಿನ ಬಾಗಿಲು. ಮಾಧವಿಯ ಕಾರ್ಡು ಹಿಡಿದರೆ ಕೆಂಪು ದೀಪ. ಆ ಕಟ್ಟಡದಲ್ಲಿ ಸರಿಯಾಗಿ ಉರಿದ ಕೆಂಪು ಅದೊಂದೇ. ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸಿಲಿಂಡರ್ ಕಿತ್ತು ಗಾಜಿಗೆ ಕುಟ್ಟಿದೆ. ಎರಡು ಏಟಿಗೆ ಬಿರುಕು ಬಿಟ್ಟಿತು. ಮೂರನೆಯದಕ್ಕೆ ಉದುರಿತು. ಅಲಾರಂ ಹೊಡೆದುಕೊಳ್ಳತೊಡಗಿತು.

ಮಾಧವಿ ಗಾಜಿನ ಮೇಲೆ ಹಾದು ಕುರ್ಚಿಗೆ ಕುಳಿತಳು. ನಾನು ಕಬ್ಬಿಣದ ಕಪಾಟನ್ನು ಬಾಗಿಲಿಗೆ ಎಳೆದು ಬೆನ್ನು ಕೊಟ್ಟೆ. ಹಿಂದಿನಿಂದ ಗುರುಚರಣ, ಜೊತೆಗೆ ಇಬ್ಬರು ಸೆಕ್ಯೂರಿಟಿಯವರು. ಕಪಾಟು ನನ್ನ ಬೆನ್ನೆಲುಬಿಗೆ ಒಂದೇ ಸಮನೆ ಗುದ್ದುತ್ತಿತ್ತು.

ಸರದಿ ರದ್ದು ಮಾಡುವ ಪ್ರೊಸೀಜರ್ ಬೇರೆ ಇದೆ. ಅದಕ್ಕೂ ಎರಡು ಅಂಕಿ ಕೊಡಬೇಕು. ಸೈಲೊ ನಾಲ್ಕು, ಸರದಿ ಆರು.

ಮಾಧವಿ ಒತ್ತಿದಳು. ಪರದೆಯಲ್ಲಿ ಒಂದು ಸಾಲು ಬಂತು: ಆದೇಶ ಪೂರ್ತಿಯಾಯಿತು.

"ಆಯ್ತು ಸಾರ್," ಎಂದು ಕಣ್ಣೊರೆಸಿಕೊಂಡಳು.

"ಏನಂತ ಉತ್ತರ ಬಂತು?"

ಅವಳು ಮತ್ತೆ ಪರದೆಯತ್ತ ಬಗ್ಗಿದಳು. ಉತ್ತರ ತೆಗೆದುಕೊಳ್ಳುವುದನ್ನು ಮತ್ತೆ ಬಿಟ್ಟಿದ್ದಳು. ಎಂಟು ವರ್ಷದ ಹಿಂದಿನ ಅದೇ ತಪ್ಪು. ಅದೇ ಕೈ.

ದಾಖಲೆ ನೋಡಲು ಹೇಳಿದೆ. ಉತ್ತರ: ಒಂದು. ಪ್ರೊಸೀಜರ್ ಮೊದಲು ಸರದಿ ಕೇಳುತ್ತದೆ, ಆಮೇಲೆ ಸೈಲೊ. ಅವಳು ತಿರುಗಿಸಿ ಕೊಟ್ಟಿದ್ದಳು. ಎರಡೂ ಬರಿಯ ಅಂಕಿಗಳು. ಅದು ಆರನೇ ಸೈಲೊದಲ್ಲಿ ನಾಲ್ಕನೇ ಸರದಿ ಹುಡುಕಿ, ಇಲ್ಲ ಎಂದು ಹೇಳಿ ಸುಮ್ಮನಾಗಿತ್ತು.

ಎರಡು ಐವತ್ತಾರು.

"ಅಂಕಿ ಅಷ್ಟ ಕೊಡಬ್ಯಾಡ, ತಂಗಿ. ಒಂದೊಂದರ ಮುಂದೂ ಹೆಸರು ಬರಿ. ಸೈಲೊ ಇಷ್ಟು. ಸರದಿ ಇಷ್ಟು. ಕಡೀಕ ಉತ್ತರಕ್ಕ ಜಾಗಾ ಇಡು."

ಸೈಲೊ ಎಂದು ಬರೆದಳು, ನಾಲ್ಕು ಹಾಕಿದಳು. ಸರದಿ ಎಂದು ಬರೆದಳು... ಅಳಿಸಿದಳು... ಮತ್ತೆ ಬರೆದಳು. ಕಪಾಟು ಒಂದು ಗೇಣು ಸರಿಯಿತು. ಯಾರದೋ ಕೈ ಒಳಗೆ ಬಂದು ನನ್ನ ಕಾಲರ್ ಹಿಡಿಯಿತು. ಅಂಗಿ ಹರಿಯಿತು. ಹರಿಯಲಿ.

ಒತ್ತಿದಳು.

ಸೊನ್ನೆ.

ಎರಡು ಐವತ್ತೆಂಟು.

ನಾನು ಕಪಾಟು ಬಿಟ್ಟೆ. ಮೂವರೂ ಒಬ್ಬರ ಮೇಲೊಬ್ಬರು ಒಳಗೆ ಬಿದ್ದರು. ಸೆಕ್ಯೂರಿಟಿಯವನು ನನ್ನ ಕೈ ತಿರುಚಿ ಹಿಡಿದ. ತಿರುಚಲಿ ಎಂದು ಬಿಟ್ಟೆ. ಗುರುಚರಣ ಪರದೆಯ ಮುಂದೆ ನಿಂತು ದಾಖಲೆ ಓದಿದ. ಆ ಎರಡು ಗಂಟೆ ಹತ್ತರ ಸಾಲನ್ನು ಎರಡು ಸಲ ಓದಿದ.

ಮೂರು ಗಂಟೆಯಾಯಿತು.

ನೀವು ಕೇಳಬಹುದು, ಸೊನ್ನೆ ಬಂದಮೇಲೆ ಇನ್ನೇನು ಹೆದರಿಕೆ ಎಂದು. ಸೊನ್ನೆ ಹೇಳಿದ್ದು ಡೇಟಾಬೇಸು. ಕೊಳವೆಯಲ್ಲ. ಮನುಷ್ಯನಂತೂ ಅಲ್ಲ.

ನಮ್ಮೂರಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಆಳವಾದ ಕಣಜ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿ ಒಬ್ಬ ಇಳಿಯುತ್ತಾನೆ. ಮೇಲಿದ್ದವನು ಹೆಸರು ಹಿಡಿದು ಕೂಗುತ್ತಾನೆ, ಕೆಳಗಿನವನು ಓ ಎನ್ನಬೇಕು. ಓ ಬರಲಿಲ್ಲವೋ, ಮಾತಿಲ್ಲ, ಹಗ್ಗ ಎಳೆಯಬೇಕು. ನಮ್ಮ ಕಾಕಾ ಇಳಿದ ದಿನ ಮೇಲಿದ್ದವನು ಸರಿಯಾಗಿಯೇ ಕೂಗಿದ. ಅಷ್ಟರಲ್ಲಿ ಯಾರೋ ಬಂದು ಎತ್ತಿನ ವಿಚಾರ ಕೇಳಿದರು. ಅವನು ಆ ಕಡೆ ತಿರುಗಿದ. ಪಂಚರು ಕೂಡಿದಾಗ ಅವನು ಹೇಳಿದ್ದು ಒಂದೇ ಮಾತು: ನಾನು ಕೂಗಿದ್ದೆ.

ಕೂಗಿದ್ದು ನಿಜವೇ. ಕಾಕಾನನ್ನು ಎಳೆದದ್ದು ಮಾತ್ರ ಸಂಜೆಗೆ.

ಮೂರು ಐದು. ಅಲಾರಂ ಯಾರೋ ನಿಲ್ಲಿಸಿದರು. ಮಾಧವಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಆ ಕಡೆಯಿಂದ ಟ್ಯಾಂಕರುಗಳ ಹಾರ್ನು, ಖಾಲಿ ಗೇಟು. ನನ್ನ ಕೈ ಹಿಡಿದಿದ್ದ ಸೆಕ್ಯೂರಿಟಿಯವನೂ ಬಗ್ಗಿ ಕೇಳತೊಡಗಿದ. ಹಿಡಿತ ತಾನಾಗಿ ಸಡಿಲವಾಯಿತು.

ಮೂರು ಹನ್ನೊಂದು.

ಮೂರು ಹದಿನಾರು.

ಯಾರೋ ಏದುಸಿರು ಬಿಡುತ್ತ ಫೋನ್ ಎತ್ತಿದರು. ಕಾವಲುಗಾರ. ಇನ್ನೊಂದು ಕೈ ಅದನ್ನು ಕಸಿದುಕೊಂಡಿತು.

"ಯಾರಮ್ಮಾ ಅದು? ವೆಲ್ಡಿಂಗ್ ಅರ್ಧಕ್ಕೆ ಬಿಡಿಸಿ, ಕಾಲು ಹಿಡಿದು ಈಚೆ ಎಳ್ಕೊಂಡು ಬಂದಿದಾನೆ ಈ ಮಹರಾಯ."

ಪದ್ಮನಾಭ. ಮಾಧವಿ ಬಾಯಿಗೆ ಸೆರಗು ಒತ್ತಿಕೊಂಡು ನೆಲದ ಮೇಲೆ, ಗಾಜಿನ ಚೂರುಗಳ ನಡುವೆಯೇ ಕುಳಿತುಬಿಟ್ಟಳು. ಗುರುಚರಣ ಗೋಡೆಯ ಕಡೆ ತಿರುಗಿದ.

ಫೋನನ್ನು ನಾನು ಎತ್ತಿಕೊಂಡೆ. ಆ ಮನುಷ್ಯನಿಗೆ ಏನಾಗಲಿತ್ತು ಎಂಬುದರ ಸುಳಿವೇ ಇರಲಿಲ್ಲ. ಇನ್ನರ್ಧ ಗಂಟೆಯ ಕೆಲಸ ಉಳಿದಿದೆ, ಮತ್ತೆ ಇಳಿಯುತ್ತೇನೆ ಎಂದ. ಇಳಿಯುವ ಮೊದಲು ಒಂದು ಮಾತು ಕೇಳಿದ. ಎಂಟು ವರ್ಷದಿಂದ ಪ್ರತಿಸಲ ಕೇಳಿ ನಂಬಿದ ಮಾತು.

"ಪರದೆ ಹಸಿರಿದೆಯಾ ಸಾರ್?"

"ಹಸಿರ ಐತಿ," ಎಂದೆ. "ಅದಕ್ಕ ಹೋಗಬ್ಯಾಡ."