ಮೈಲಿನಲ್ಲಿ ಬಂದ ಮದುವೆ

"ಕೈ ಬಿಡು ಪ್ರಣೀತಾ! ನನ್ನ ತಮ್ಮ ಕಳಿಸಿದ್ದನ್ನು ನೋಡ್ಲಿಕ್ಕೂ ನಿನ್ನ ಅಪ್ಪಣೆ ಬೇಕಾ?"

ಕುದ್ರೋಳಿಯ ಆ ಫ್ಲಾಟಿನಲ್ಲಿ ಊಟದ ಬಟ್ಟಲುಗಳು ಮೇಜಿನ ಮೇಲೆಯೇ ಒಣಗುತ್ತಿದ್ದವು. ಆಶಾಲತಾ ಒಂದು ಕೈಯಲ್ಲಿ ಮೊಬೈಲನ್ನು ಎದೆಗೊತ್ತಿಕೊಂಡಿದ್ದರು. ಇನ್ನೊಂದು ಕೈಯನ್ನು ಸೊಸೆ ಹಿಡಿದುಕೊಂಡಿದ್ದಳು. ನಾಲ್ಕು ವರ್ಷ! ತಾಯಿಯ ಉತ್ತರಕ್ರಿಯೆಯ ದಿನ ಒಂದು ಚಿನ್ನದ ಸರದ ಮಾತಿಗೆ ಮುನಿಸಿಕೊಂಡು ಹೋದ ತಮ್ಮ ನಿತ್ಯಾನಂದ, ಆಟೋ ಹತ್ತಿದರೆ ಕಾಲು ಗಂಟೆಯ ಜೆಪ್ಪುವಿನಲ್ಲಿದ್ದೂ ಮುಖ ತೋರಿಸದವನು, ಇವತ್ತು ಇ-ಮೈಲ್ ಕಳಿಸಿದ್ದಾನೆ. ಮಗಳು ತೃಷಾಳ ಮದುವೆಯಂತೆ. ಲಿಂಕ್ ಒತ್ತಿದರೆ ಆಮಂತ್ರಣವಂತೆ. ಹುಡುಗ ಯಾರು? ಎಲ್ಲಿಯವನು? ಕಾರ್ಡಿನಲ್ಲಿ ಸೋದರತ್ತೆಯ ಹೆಸರು ಹಾಕಿಸಿದ್ದಾನೋ ಇಲ್ಲವೋ...? ಪಾಪ, ಆಶಾಲತಾರಿಗೆ ಕುತೂಹಲ ತಡೆಯುವುದೇ ಕಷ್ಟವಾಗಿತ್ತು.

"ಒಮ್ಮೆ ಕೇಳಿ ಅತ್ತೆ. ಲಿಂಕ್ ಒತ್ತಿದ್ರಲ್ಲ, ಈಗ ನಿಮ್ಮ ಮೈಲಿನ ಪಾಸ್‌ವರ್ಡ್ ಕೇಳ್ತಾ ಉಂಟು. ಕಾರ್ಡ್ ನೋಡ್ಲಿಕ್ಕೆ ಪಾಸ್‌ವರ್ಡ್ ಎಂತಕ್ಕೆ? ಮೇಲೆ ವೆಬ್‌ಸೈಟಿನ ಹೆಸರು ನೋಡಿ, ತಲೆಬುಡ ಇಲ್ಲ. ಅಲ್ಲ, ಸ್ವಂತ ಅಕ್ಕನನ್ನು ಮನೆಗೆ ಬಂದು ಕರೆಯದೆ ಮೈಲಲ್ಲಿ ಕರೆಯುವವರು ನಮ್ಮಲ್ಲಿ ಯಾರಿದ್ದಾರೆ?"

"ಅವನಿಗೆ ಕೋಪ ಉಂಟು, ಅದಕ್ಕೆ ಮೈಲ್! ತಾಯಿಯಿಲ್ಲದೆ ಬೆಳೆದವಳು ನೀನು... ತವರಿನ ಬೆಲೆ ನಿನಗೆಂತ ಗೊತ್ತು!"

ಪ್ರಣೀತಾಳ ಕಣ್ಣು ತುಂಬಿ ಬಂತು. ಆದರೂ ಹುಡುಗಿ ಜಗ್ಗಲಿಲ್ಲ. "ಬೈಯಿರಿ, ಪರವಾಗಿಲ್ಲ. ಪಾಸ್‌ವರ್ಡ್ ಹಾಕುವ ಮೊದಲು ಜೆಪ್ಪು ಮಾವನಿಗೇ ಒಂದು ಫೋನ್ ಮಾಡಿ. ಹೌದು ಅಂತ ಅವರು ಹೇಳಿದರೆ ನಾನೇ ಹಾಕಿ ಕೊಡ್ತೇನೆ."

ಫೋನ್! ಆಶಾಲತಾ ಮೊಬೈಲನ್ನು ದುರುಗುಟ್ಟಿ ನೋಡಿದರು. ಅವನು ಎತ್ತದಿದ್ದರೆ? ದನಿ ಕೇಳಿ ಕಟ್ ಮಾಡಿಬಿಟ್ಟರೆ...? ಹಠವೂ ಕುತೂಹಲವೂ ಸ್ವಲ್ಪ ಹೊತ್ತು ಜಗಳಾಡಿದವು. ಕೊನೆಗೆ ಕುತೂಹಲವೇ ಗೆದ್ದಿತು. ತಮ್ಮನಿಗೆ ಫೋನ್ ಮಾಡಿ ಮದುವೆಯ ವಿಷಯ ಕೇಳಿಯೇಬಿಟ್ಟರು.

"ಯಾರ ಮದುವೆ? ತೃಷಾ ಕಾಲೇಜಿಗೆ ಹೋಗಿದ್ದಾಳೆ ಅಕ್ಕಾ!" ನಿತ್ಯಾನಂದ ಗಾಬರಿಯಿಂದ ಹೇಳಿದ. "ನಿನ್ನೆ ಯಾರದೋ ಗೃಹಪ್ರವೇಶದ ಕಾರ್ಡ್ ಅಂತ ನಾನೂ ಹೀಗೇ ಪಾಸ್‌ವರ್ಡ್ ಕೊಟ್ಟೆ. ಕಳ್ಳ ಒಳಗೆ ಹೊಕ್ಕಿದ್ದಾನೆ. ನನ್ನ ಮೈಲಲ್ಲಿ ಇದ್ದವರಿಗೆಲ್ಲ ಇದನ್ನು ಕಳಿಸಿದ್ದಾನೆ. ನೀನು ಎಂತದೂ ಕೊಡ್ಲಿಲ್ಲ ಅಲ್ವಾ?"

"ಇಲ್ಲ... ಸೊಸೆ ಬಿಡಲಿಲ್ಲ."

ಮದುವೆಯೂ ಇಲ್ಲ, ಕರೆಯೂ ಇಲ್ಲ. ಆಶಾಲತಾ ಕುರ್ಚಿಯಲ್ಲಿ ಕುಸಿದು ಕುಳಿತರು. ಫೋನ್ ಇಡಬೇಕು, ಆದರೆ ಒಂದು ಪ್ರಶ್ನೆ ಬಿಡಲೊಲ್ಲದು. "ನಿತ್ಯಾ, ನನ್ನ ಮೈಲ್ ವಿಳಾಸ ಕಳ್ಳನಿಗೆ ಎಲ್ಲಿ ಸಿಕ್ಕಿತು?"



"ನನ್ನಲ್ಲಿ ಇತ್ತಲ್ಲ ಅಕ್ಕಾ... ಅಳಿಸ್ಬೇಕು ಅಂತ ಎಷ್ಟೋ ಸಲ ಕೂತೆ. ಮನಸ್ಸು ಬರಲಿಲ್ಲ."

ಆಶಾಲತಾ ಗೊಳೋ ಎಂದು ಅತ್ತುಬಿಟ್ಟರು. ಅಳುತ್ತಲೇ ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಎಂಥ ಮಾತು ಅಂದುಬಿಟ್ಟೆ ನಿನಗೆ! ನನ್ನ ನಾಲಗೆಗೆ ಬೆಂಕಿ ಬೀಳಲಿ..."

"ಅಳಬೇಡಿ ಅತ್ತೆ. ಮಾವ ಇನ್ನೂ ಫೋನಲ್ಲೇ ಇದ್ದಾರೆ."

ಆಶಾಲತಾ ಸೆರಗಿನಿಂದ ಮೂಗೊರೆಸಿಕೊಂಡು ಫೋನೆತ್ತಿದರು. "ನಿತ್ಯಾ, ಚಹಾಕ್ಕೆ ನೀರಿಡು. ನಾನೂ ನನ್ನ ಮಗಳೂ ಬರ್ತಾ ಇದ್ದೇವೆ."